ತೋರಾ ಎತ್ತಿದ ಕೈ

ಬೇಕರಿಯ ಗೆಟ್ಸೆಲ್‌ಗೆ ಜ್ವರ ಬಂದದ್ದೇ ಎಲ್ಲಕ್ಕೂ ಮೂಲ. ಜೆರುಸಲೇಮಿನ ನಮ್ಮ ಗಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಶನಿವಾರ ಓದು ಮುಗಿದ ಮೇಲೆ ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಬಿಚ್ಚಿ, ಎಲ್ಲರಿಗೂ ಅಕ್ಷರ ಕಾಣುವಂತೆ ಮೇಲೆತ್ತುತ್ತಿದ್ದವನು ಅವನೇ. ಆ ದಿನ ಮೇಲ್ವಿಚಾರಕ ಫೈವಿಶ್ ಸುತ್ತ ಕಣ್ಣಾಡಿಸಿ, ಬಾಗಿಲ ಬಳಿ ಕೂತಿದ್ದ ಗಡಿಯಾರ ರಿಪೇರಿಯ ಜೆಲಿಗ್‌ನನ್ನು ಕರೆದುಬಿಟ್ಟ.

ಜೆಲಿಗ್ ಜನ್ಮದಲ್ಲಿ ಎತ್ತಿದ್ದ ಅತಿ ಭಾರದ ವಸ್ತುವೆಂದರೆ ಗೋಡೆ ಗಡಿಯಾರ. ಒಲ್ಲೆ ಎನ್ನುವಂತಿಲ್ಲ, ತೋರಾದ ಕರೆಗೆ ಹಿಂಜರಿದವನ ಆಯುಷ್ಯ ಕುಗ್ಗುತ್ತದೆಂದು ಅವನ ಅಜ್ಜಿ ಹೆದರಿಸಿದ್ದಳು. ಎದ್ದು ಮುಂದೆ ಹೋದ.

ದಾರಿಯುದ್ದಕ್ಕೂ ಸಲಹೆ.

"ಮಂಡಿ ಬಗ್ಗಿಸಯ್ಯಾ, ಸೊಂಟ ಬಗ್ಗಿಸ್ಬೇಡ!"

"ಈ ವಾರ ಓದು ಮೊದಲಿಂದ ಶುರುವಾಗಿದೆ. ಓದದೆ ಉಳಿದ ಸುರುಳಿಯ ಭಾರವೆಲ್ಲಾ ಎಡಗಡೆಗಿರತ್ತೆ, ಹುಷಾರು!"

"ಬೀಳಿಸಿದ್ರೆ ನೋಡಿದವ್ರೆಲ್ಲಾ ಉಪವಾಸ ಇರ್ಬೇಕು ಕಣೋ. ಈ ವಾರ ನನ್ನ ಮಗಳ ಮದುವೆ!" ಎಂದು ನೆರೆಮನೆಯ ಲೈಬೆಲ್ ಅಂಗಲಾಚಿದ.

ಹಿಂದಿನ ಬೆಂಚಿನ ಇಬ್ಬರು ಮುನ್ನೆಚ್ಚರಿಕೆಯಾಗಿ ಕಣ್ಣು ಮುಚ್ಚಿಕೊಂಡರು.

ಅಪ್ಪ ಬೆರಳು ಹಿಡಿದು ಕಲಿಸಿದ ಅಕ್ಷರಗಳು ಜೆಲಿಗ್‌ನ ಕಣ್ಣೆದುರು ತೆರೆದುಕೊಂಡವು. ಇದನ್ನು ಕೆಡವುವ ಬದಲು ನಾನೇ ಸಾಯುತ್ತೇನೆ ಅಂದುಕೊಂಡು ಮರದ ಹಿಡಿಗಳನ್ನು ಬಿಗಿಹಿಡಿದು ಎತ್ತಿಯೇಬಿಟ್ಟ. "ಇದೇ ಆ ತೋರಾ!" ಎಂದು ಮಂದಿರವೆಲ್ಲ ಹಾಡಿತು.

ಅಷ್ಟರಲ್ಲಿ ಬೆನ್ನಿನಲ್ಲೇನೋ ಕಟಕ್ಕೆಂದಿತು. ಸೊಂಟದಿಂದ ಕತ್ತಿನವರೆಗೆ ಎಲ್ಲ ಹಿಡಿದುಕೊಂಡಿತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಸಾಕಪ್ಪಾ ಜೆಲಿಗ್, ಇಳಿಸಿ ಕೂತ್ಕೋ" ಎಂದರು ವೃದ್ಧ ಗುರು ತೋದ್ರೋಸ್.

"ಆಗ್ತಿಲ್ಲ ಗುರುಗಳೇ..."

"ಕೇಳಿದ್ರಾ? ಇಳಿಸೋಕೆ ಮನಸ್ಸೇ ಬರ್ತಿಲ್ಲ ಇವನಿಗೆ!" ಎಂದು ಗುರುಗಳು ಎಲ್ಲರತ್ತ ತಿರುಗಿದರು.

ನೋವಿಗೆ ಜೆಲಿಗ್‌ನ ಕಣ್ಣಲ್ಲಿ ನೀರು ಸುರಿಯತೊಡಗಿತು. "ಅಳ್ತಿದಾನೆ ನೋಡ್ರೋ, ಪುಣ್ಯಾತ್ಮ!" ಎಂದ ಲೈಬೆಲ್ ತಾನೂ ಅತ್ತ. ಮಹಡಿಯಲ್ಲಿ ಕೂತಿದ್ದ ಹೆಂಗಸರ ಕರವಸ್ತ್ರಗಳು ಹೊರಬಂದವು.

ಕೊನೆಗೆ ಗುರುಗಳು ಸುರುಳಿಯನ್ನು ತೆಗೆದುಕೊಂಡರು. ಇಬ್ಬರು ಜೆಲಿಗ್‌ನನ್ನು ಹಲಗೆಯಂತೆ ಎತ್ತಿ ಕುರ್ಚಿಗೆ ಒರಗಿಸಿದರು. ಮಾತಾಡಲು ಅವನಲ್ಲಿ ಉಸಿರಿರಲಿಲ್ಲ.

ಫೈವಿಶ್ ಮೇಜು ಬಡಿದ. "ಗೆಟ್ಸೆಲ್ ಎತ್ತಿದ ತಕ್ಷಣ ಇಳಿಸಿ ಊಟಕ್ಕೆ ಓಡ್ತಿದ್ದ. ಭಕ್ತಿ ಅಂದ್ರೆ ಇದು! ಇನ್ಮೇಲೆ ಪ್ರತಿ ಶನಿವಾರ ಎತ್ತೋದು ನಮ್ಮ ಜೆಲಿಗ್ ಅವರೇ. ಏನಪ್ಪಾ, ಬೇಡ ಅಂದ್ರೆ ಈಗ್ಲೇ ತಲೆ ಅಲ್ಲಾಡಿಸ್ಬಿಡು."

ಜೆಲಿಗ್ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಪ್ರಯತ್ನಿಸಿದ. ಕತ್ತು ಕದಲಲೇ ಇಲ್ಲ.