ನಮ್ಮಕ್ಕನ ಬಲಗಿವಿಯನ್ನು ತಮ್ಮದೆಂದು ಬರೆದುಕೊಂಡ ನಿರ್ವಾಹಕರಿಗೆ

ಮಾನ್ಯರೇ,

ಅಭಿಮಾನಿ ಬಳಗದ ‘ಕಂಡ ಕಛೇರಿ, ಕಾಯುವ ಟೂರ್’ ಎಂಬ ಪುಟದ ಏಕೈಕ ನಿರ್ವಾಹಕರೂ, ನಮ್ಮ ಗಾಯಕಿಯ ಹನ್ನೊಂದು ಕಾರ್ಯಕ್ರಮಗಳಲ್ಲಿ ಮೊದಲ ಸಾಲು ಬಿಟ್ಟು ಕದಲದವರೂ, ಆ ಕಾರಣಕ್ಕೇ ಬಳಗದವರೆಲ್ಲರಿಂದ ‘ಮೊದಲ್ ಸಾಲಣ್ಣ’ ಎಂದು ಕರೆಸಿಕೊಳ್ಳುವವರೂ ಆದ ತಮಗೆ, ಅದೇ ಬಳಗದ ಸದಸ್ಯೆಯಾಗಿದ್ದು ತಮ್ಮ ಒಂದೇ ಬೆರಳಿನ ಒತ್ತಿಗೆ ಹೊರಬಿದ್ದ ಹೆಂಗಸಿನ ತಂಗಿಯಾದ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ತಾವು ಎದ್ದಿದ್ದು, ತಿಂದಿದ್ದು, ಯಾವ ಹಾಡು ಕೇಳುತ್ತ ಹಲ್ಲುಜ್ಜಿದ್ದು ಎಲ್ಲವನ್ನೂ ಒಂಬತ್ತು ಸಾವಿರ ಜನಕ್ಕೆ ತಾವೇ ತಿಳಿಸುತ್ತಿರುವಾಗ ನಾನು ಬೇರೆ ಕೇಳಿ ತೊಂದರೆ ಕೊಡುವುದು ಸರಿಯಲ್ಲ.

ಈ ಪತ್ರವನ್ನು ತಮ್ಮ ಪುಟದಲ್ಲೇ ಹಾಕಬಹುದಿತ್ತು. ಆದರೆ ಅಲ್ಲಿ ತಮಗೆ ಹಿಡಿಸದ ಬರಹಕ್ಕೆ ಆಯಸ್ಸು ನಾಲ್ಕು ನಿಮಿಷ ಎಂದು ಅನುಭವದಿಂದ ಗೊತ್ತಿರುವುದರಿಂದ, ಅಕ್ಕ ಕೆಲಸ ಮಾಡುವ ಮುದ್ರಣಾಲಯದಲ್ಲೇ ಅಚ್ಚು ಹಾಕಿಸಿ, ಟಿಕೆಟ್ ಸಾಲಿನಲ್ಲಿ ನಿಂತವರ ಕೈಗೆ ಕೊಡುತ್ತಿದ್ದೇನೆ. ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿದವರು ಯಾರೆಂದು ಹೇಳಬೇಕಾಗಿಲ್ಲ.

ನನ್ನ ದೂರು ಬಹಳ ಸಣ್ಣದು. ಮುಂದಿನ ತಿಂಗಳು ನಮ್ಮೂರಿಗೆ ಬರುವ ಟೂರ್‌ನಲ್ಲಿ, ವೇದಿಕೆಯ ಎಡ ಮೂಲೆಯ ಕಬ್ಬಿಣದ ಕಂಬಿಯ ಪಕ್ಕದ ಒಂದೇ ಒಂದು ಜಾಗವನ್ನು ಕಿವಿ ಮಂದವಾದ ಅಭಿಮಾನಿಯೊಬ್ಬರಿಗೆಂದು ಸಂಘಟಕರು ತೆಗೆದಿರಿಸಿದ್ದಾರೆ. ಆ ಅಭಿಮಾನಿ ತಾವೆಂದು ಕಳೆದ ವಾರ ಪ್ರಕಟವಾಗಿದೆ. ಅಭಿನಂದನೆಗಳು. ತಮ್ಮ ಕಿವಿ ಇಷ್ಟು ಬೇಗ ಕೆಟ್ಟಿದ್ದಕ್ಕೆ ಹಾರ ಹಾಕಬೇಕೋ ಹಣ್ಣು ತರಬೇಕೋ ತಿಳಿಯದೆ ಒದ್ದಾಡುತ್ತಿದ್ದೇನೆ.

ಹಿಂದಿನ ಕಥೆ ತಿಳಿಯದವರೂ ಈ ಕಾಗದ ಓದುತ್ತಾರಾದ್ದರಿಂದ ಸ್ವಲ್ಪ ವಿವರಿಸಲು ಅಪ್ಪಣೆಯಾಗಲಿ. ನನ್ನ ಅಕ್ಕ ಇಪ್ಪತ್ತೆಂಟು ವರ್ಷಗಳಿಂದ ಆ ಮುದ್ರಣಾಲಯದಲ್ಲಿ ಹಾಳೆ ಮಡಿಚುವ ಯಂತ್ರದ ಮುಂದೆ ನಿಂತಿದ್ದಾಳೆ. ಯಂತ್ರ ಅವಳ ಬಲಗಡೆಗೆ. ಅದರ ಸದ್ದು ಎಷ್ಟೆಂದರೆ ಅಲ್ಲಿ ಎರಡು ನಿಮಿಷ ನಿಂತು ಬಂದರೆ ನನಗೆ ಮನೆಯವರೆಗೂ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಬಲಗಿವಿ ಪೂರ್ತಿ ಹೋಗಿ ಆರು ವರ್ಷವಾಯಿತು. ಎಡಗಿವಿ ಮೆಲ್ಲಗೆ ಹೋಗುತ್ತಿದೆ. ನಾನು ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳು. ಹಾಗಿದ್ದೂ ಅಕ್ಕನ ಪರೀಕ್ಷೆಯನ್ನು ನನ್ನ ಹಿರಿಯ ಸಹೋದ್ಯೋಗಿಯ ಕೈಯಲ್ಲಿ ಮಾಡಿಸುತ್ತೇನೆ, ಏಕೆಂದರೆ ಗಾಜಿನಾಚೆ ಅವಳು ಕೇಳಿಸದ ಸದ್ದಿಗೆ ಕಣ್ಣರಳಿಸಿ ಕಾಯುವುದನ್ನು ನೋಡಿದರೆ ನಾನೇ ಸದ್ದನ್ನು ಜೋರು ಮಾಡಿಬಿಡುತ್ತೇನೆ. ಹೋದ ಸಲ ಅವರು ಕಾಗದ ನೋಡಿ, “ಮುಂದಿನ ವರ್ಷ ಇಷ್ಟು ಹೊತ್ತಿಗೆ ಹೇಗಿರುತ್ತೋ ಹೇಳಕ್ಕಾಗಲ್ಲಮ್ಮ, ಕೇಳಬೇಕು ಅನ್ಸಿದ್ದನ್ನೆಲ್ಲ ಈಗಲೇ ಕೇಳಿಬಿಡಲಿ” ಎಂದರು.

ಇನ್ನು ತಮ್ಮ ಪುಟದ ವಿಚಾರ. ಸಂಗೀತವನ್ನು ಸಂಗೀತದ ಕಾಟವಿಲ್ಲದೆ ಅನುಭವಿಸುವುದು ಹೇಗೆಂದು ಜನಕ್ಕೆ ಕಲಿಸಿಕೊಟ್ಟ ಇಂಥ ವಿದ್ಯಾಲಯ ಇನ್ನೊಂದಿಲ್ಲ. ಕಾರ್ಯಕ್ರಮ ಮುಗಿದು ನಲವತ್ತೆಂಟು ಗಂಟೆಯೊಳಗೆ ಅನುಭವ ಬರೆಯಬೇಕು; ಟಿಕೆಟ್ಟಿನ ಚಿತ್ರ, ಕೈಗೆ ಕಟ್ಟಿದ ಪಟ್ಟಿಯ ಚಿತ್ರ, ಕನಿಷ್ಠ ಮೂರು ವಿಡಿಯೊ ಲಗತ್ತಿಸಬೇಕು; ವಿಡಿಯೊ ಇಲ್ಲದ ಅನುಭವ ಅನುಭವವಲ್ಲ. ಈ ನಿಯಮಕ್ಕೆ ತಲೆಬಾಗಿ ಜನ ಏನೇನು ಬರೆಯುತ್ತಾರೆಂದು ನಾನು ಕೂತು ಓದಿದ್ದೇನೆ. ಒಬ್ಬ ಮಹಾನುಭಾವ ಗಾಡಿ ನಿಲ್ಲಿಸಲು ಜಾಗ ಸಿಕ್ಕ ಕಥೆಯನ್ನು ಹದಿನಾಲ್ಕು ಸಾಲು ಬರೆದು ಕೊನೆಗೆ “ಹಾಡೂ ಚೆನ್ನಾಗಿತ್ತು” ಎಂದಿದ್ದಾನೆ. ಒಬ್ಬಾಕೆಗೆ ಪ್ರತಿ ತಿಂಗಳೂ ಜನ್ಮ ಸಾರ್ಥಕವಾಗುತ್ತದೆ. ಇನ್ನು ಮುಂದಿನ ಟೂರ್ ಬಗ್ಗೆ ನಡೆಯುವ ಚರ್ಚೆಯಂತೂ ಕೇಳಲೇಬಾರದು. ಗಾಯಕಿ ಯಾವ ಹಾಡಿನಿಂದ ಶುರು ಮಾಡಬೇಕು, ಎಲ್ಲಿ ನೀರು ಕುಡಿಯಬೇಕು, ಯಾವ ಹಾಡಿಗೆ ಕಣ್ಣೀರು ಹಾಕಬೇಕು ಎಂದು ತಾವುಗಳು ಮೊದಲೇ ತೀರ್ಮಾನಿಸಿರುವುದರಿಂದ ಆ ತಾಯಿ ಬರುವ ಅಗತ್ಯವೇನಿದೆಯೋ ನನಗಿನ್ನೂ ಅರ್ಥವಾಗಿಲ್ಲ.

ಇಂಥ ಜಾಗದಲ್ಲಿ ಎರಡು ವರ್ಷದ ಹಿಂದೆ ನನ್ನ ಅಕ್ಕ, ಬುದ್ಧಿ ನೆಟ್ಟಗಿದ್ದೂ, ತನ್ನ ಅನುಭವವೊಂದನ್ನು ಬರೆದಳು. ಆ ಸಂಜೆ ಐದನೆಯ ಹಾಡಿನ ಮಧ್ಯದಲ್ಲಿ ವಿದ್ಯುತ್ ಹೋಗಿದ್ದು ತಮಗೆ ನೆನಪಿರಬೇಕು. ಹತ್ತು ನಿಮಿಷ ದೀಪವಿಲ್ಲ, ಮೈಕಿಲ್ಲ. ತಮ್ಮ ಪುಟದ ದಾಖಲೆಯಲ್ಲಿ ಅದನ್ನು “ತಾಂತ್ರಿಕ ಅಡಚಣೆ” ಎಂದು ಬರೆಯಲಾಗಿದೆ. ಆದರೆ ಆ ಹತ್ತು ನಿಮಿಷದಲ್ಲಿ ಗಾಯಕಿ ಕತ್ತಲಲ್ಲೇ ತಡಕಾಡಿಕೊಂಡು ವೇದಿಕೆಯ ಎಡ ಅಂಚಿಗೆ ಬಂದು, ಕಾಲು ಇಳಿಬಿಟ್ಟು ಕೂತು, ಮೈಕಿಲ್ಲದೆ, ವಾದ್ಯವಿಲ್ಲದೆ, ಹತ್ತಿರವಿದ್ದವರಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಒಂದು ಹಾಡು ಹಾಡಿದಳು. ಅಲ್ಲೇ ಕಂಬಿಗೆ ಒರಗಿ ನಿಂತಿದ್ದ ಅಕ್ಕ ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಮನೆಗೆ ಬಂದವಳು ಊಟಕ್ಕೂ ಕೂರದೆ, “ನನಗೋಸ್ಕರ ಹಾಡಿದ ಹಾಗಿತ್ತು ಕಣೇ” ಎಂದು ಅತ್ತುಬಿಟ್ಟಳು. ಆಮೇಲೆ ಎರಡು ದಿನ, ಚಹಾದ ಬಿಡುವಿನಲ್ಲಿ, ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆದು ಪುಟಕ್ಕೆ ಹಾಕಿದಳು.

ಅವಳಿಂದ ನಾಲ್ಕನೆಯವರಾಗಿ ಅದೇ ಕಂಬಿ ಹಿಡಿದು ನಿಂತಿದ್ದವರು ತಾವು! ಎರಡೂ ಕಿವಿ ಗಟ್ಟಿಮುಟ್ಟಾಗಿದ್ದ ತಾವು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರೆಂದು ಊಹಿಸಬೇಕಾಗಿಲ್ಲ, ತಮ್ಮ ಪುಟವೇ ಹೇಳುತ್ತದೆ. ಏಳು ನಲವತ್ತೆರಡಕ್ಕೆ: “ಕರೆಂಟ್ ಹೋಯ್ತು ಗುರೂ, ಥೂ.” ಏಳು ನಲವತ್ತೈದಕ್ಕೆ: “ಯಾರ ಹತ್ರನಾದ್ರೂ ಚಾರ್ಜರ್ ಇದ್ಯಾ?” ಏಳು ನಲವತ್ತೊಂಬತ್ತಕ್ಕೆ ಮೂತಿ ಸೊಟ್ಟಗೆ ಮಾಡಿದ ತಮ್ಮದೇ ಚಿತ್ರ. ಎರಡು ಮಾರು ದೂರದಲ್ಲಿ ತಾವು ಹನ್ನೊಂದು ಊರು ಸುತ್ತಿದ್ದು ಯಾರಿಗಾಗಿಯೋ ಅವಳೇ ಕೂತು ಹಾಡುತ್ತಿರುವಾಗ ಚಾರ್ಜರ್ ಹುಡುಕುವ ಈ ಏಕಾಗ್ರತೆ ತಪಸ್ವಿಗಳಿಗೂ ಬರುವಂಥದ್ದಲ್ಲ. ಕತ್ತಲಲ್ಲಿ ವಿಡಿಯೊ ಬರುವುದಿಲ್ಲವೆಂದು ಉಳಿದ ಭಕ್ತರೂ ಕ್ಯಾಮೆರಾದ ಜೊತೆಗೆ ಕಿವಿಯನ್ನೂ ಆರಿಸಿಬಿಟ್ಟಿದ್ದರು.

ಹೀಗಾಗಿ ಅಕ್ಕನ ಬರಹ ಬಂದಾಗ ತಾವು ಇನ್ನೂರ ಹನ್ನೆರಡು ವಿಡಿಯೊ ಪರಿಶೀಲಿಸಿ, ಒಂದರಲ್ಲೂ ಆ ಹಾಡಿಲ್ಲವೆಂದು ಕಂಡುಕೊಂಡು, “ಕಟ್ಟುಕಥೆ. ಗಮನ ಸೆಳೆಯೋಕೆ ಏನೇನೋ ಬರೀಬೇಡಿ ಮೇಡಂ” ಎಂದು ತೀರ್ಪಿತ್ತು, ಬರಹವನ್ನು ಅಳಿಸಿ ಅವಳನ್ನೂ ಹೊರಗೆ ಹಾಕಿದಿರಿ. ಕಿವಿ ಕೇಳದವಳು ಇಲ್ಲದ ಹಾಡು ಕೇಳಿದಳಂತೆ ಎಂದು ತಮ್ಮ ಬಂಟರು ವಾರಗಟ್ಟಲೆ ನಕ್ಕರು. ಅಕ್ಕ ಮಾತ್ರ, “ಬಿಡೇ, ಕೇಳಿದ್ದು ನನಗೆ ಕೇಳಿದೆ, ಅವರ ಸಹಿ ಯಾಕೆ ಬೇಕು” ಎಂದು ಯಂತ್ರದ ಮುಂದೆ ಹೋಗಿ ನಿಂತಳು. ಆದರೂ ಆಮೇಲೆ ಯಾರ ಮುಂದೆಯೂ ಆ ಹಾಡಿನ ಸುದ್ದಿ ಎತ್ತಲಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿದದ್ದು.

ಎರಡು ತಿಂಗಳ ಹಿಂದೆ ಗಾಯಕಿಯೇ ಸಂದರ್ಶನವೊಂದರಲ್ಲಿ, ತನ್ನ ಜೀವಮಾನದಲ್ಲಿ ಅತ್ಯಂತ ಮನಸ್ಸಿಟ್ಟು ಹಾಡಿದ್ದು ಆ ಕತ್ತಲಲ್ಲಿ, ಕಂಬಿಯ ಬಳಿ ನಿಂತ ನಾಲ್ಕಾರು ಜನಕ್ಕೆ, ಈ ಸಲದ ಟೂರ್‌ನಲ್ಲೂ ಪ್ರತಿ ಊರಿನಲ್ಲಿ ಎಡ ಅಂಚಿನಲ್ಲಿ ಕೂತು ಒಂದು ಹಾಡನ್ನು ಮೈಕಿಲ್ಲದೆ ಹಾಡುತ್ತೇನೆ ಎಂದು ಹೇಳಿಬಿಟ್ಟಳು. ಮರುದಿನ ಬೆಳಿಗ್ಗೆ ಆರೂವರೆಗೆ ತಮ್ಮ ಪುಟದಲ್ಲಿ ‘ಆ ಕತ್ತಲ ಹಾಡು: ನನ್ನ ಅನುಭವ’ ಎಂಬ ಬರಹ ಮೂಡಿತು. ಓದಿ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ತಾವು ಅಳಿಸಿದ ಕಟ್ಟುಕಥೆ, ಅಕ್ಷರ ಬಿಡದೆ, ತಮ್ಮ ಹೆಸರಿನಲ್ಲಿ!

ಕದಿಯುವವರು ಸಾಮಾನ್ಯವಾಗಿ ಒಂದು ಸಲ ಓದಿ ನೋಡಿ ಕದಿಯುತ್ತಾರೆ. ಓದುವುದು ತಮ್ಮ ಘನತೆಗೆ ಕುಂದು ಎಂಬಂತೆ ತಾವು ಎತ್ತಿಕೊಂಡು ಹಾಗೇ ಅಂಟಿಸಿದ್ದರಿಂದ, “ಇಪ್ಪತ್ತಾರು ವರ್ಷ ಮಡಿಕೆ ಯಂತ್ರದ ಪಕ್ಕ ನಿಂತು ನನ್ನ ಬಲಗಿವಿ ಹೋಗಿದೆ” ಎಂಬ ವಾಕ್ಯವೂ ತಮ್ಮದಾಯಿತು. ತಮ್ಮ ವಯಸ್ಸು ಮೂವತ್ತನಾಲ್ಕು, ಕೆಲಸ ವಿಮಾ ಕಚೇರಿಯ ಹವಾನಿಯಂತ್ರಿತ ಕೋಣೆಯಲ್ಲಿ; ಅಂದರೆ ಎಂಟನೆಯ ವಯಸ್ಸಿಗೇ ಹಾಳೆ ಮಡಿಚಲು ನಿಂತಿರಬೇಕು, ಪಾಪ. “ಉದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ ಎಡಗಿವಿ ಮುಂದೆ ಮಾಡಿದೆ” ಎಂದೂ ಬರೆದಿದ್ದೀರಿ. ತಮ್ಮ ಚಿತ್ರದಲ್ಲಿ ತಲೆಯ ಮೇಲೆ ದೀಪದ ಬಿಂಬ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇಷ್ಟಾದರೂ ತಮ್ಮ ಭಕ್ತರು ಬಿದ್ದು ಹೊರಳಾಡಿದರು. “ಅಯ್ಯೋ ಅಣ್ಣಾ, ಇಷ್ಟು ನೋವು ನುಂಗ್ಕೊಂಡು ನಮಗೆಲ್ಲ ವಿಡಿಯೊ ಹಾಕ್ತಿದ್ರಾ!” ಎಂದು ಒಬ್ಬ, “ಆ ಕೊರಗಿಗೇ ಕೂದಲೂ ಉದುರಿರಬೇಕು” ಎಂದು ಇನ್ನೊಬ್ಬಾಕೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಭಾವ ಇದನ್ನೆಲ್ಲ ಓದಿಸಿಕೊಂಡು, “ಗಾಡಿ ಕದ್ದವರನ್ನ ನೋಡಿದ್ದೀನಿ, ಟಯರ್ ಕದ್ದವರನ್ನ ನೋಡಿದ್ದೀನಿ. ಕಿವುಡುತನ ಕದ್ದವನನ್ನ ಇದೇ ಮೊದಲು ನೋಡ್ತಿರೋದು” ಎಂದರು.

ಸಂಘಟಕರೂ ಆ ಬರಹ ಓದಿ ಕರಗಿ, ಕಿವಿ ಮಂದವಾದವರ ಆ ಜಾಗವನ್ನು ತಮಗೇ ಕೊಟ್ಟರು. ಇಲ್ಲ, ಅದು ನನ್ನ ಕಿವಿಯಲ್ಲ ಎಂದು ಒಂದು ಮಾತು ಹೇಳಲು ತಮಗೆ ಆಗ ಬಾಯಿ ಬರಲಿಲ್ಲ. ಬೇರೆ ಯಾವ ಸಾಲಿನಲ್ಲಿ ಕೂತರೂ ಮೈಕಿಲ್ಲದ ಆ ಹಾಡು ಅಕ್ಕನಿಗೆ ಕೇಳುವುದಿಲ್ಲ. ನಮಗೆ ಸಿಕ್ಕಿರುವುದು ಮಾಳಿಗೆಯ ಹಿಂದಿನ ಸಾಲು. ಅಲ್ಲಿಂದ ಗಾಯಕಿಯ ಬಾಯಿ ಅಲ್ಲಾಡುವುದೂ ಕಾಣಿಸದು. ಇನ್ನೊಂದು ಟೂರ್ ಬರುವ ಹೊತ್ತಿಗೆ ಅವಳನ್ನು ಆ ಕಂಬಿಯ ಮೇಲೇ ಕೂರಿಸಿದರೂ ಪ್ರಯೋಜನವಿರಲಾರದು. ಇದೆಲ್ಲ ಗೊತ್ತಿದ್ದೂ ಅವಳು, “ನೀನೇ ಕೇಳ್ಕೊಂಡು ಬಾ, ಆಮೇಲೆ ಹೇಳೋವಂತೆ” ಎನ್ನುತ್ತಾಳೆ. ಹಾಡನ್ನು ಹೇಳಿ ಕೇಳಿಸುವುದು ಹೇಗೆ ಮಾನ್ಯರೇ? ತಮ್ಮ ಪುಟದಲ್ಲಿ ಒಂಬತ್ತು ಸಾವಿರ ಜನ ಅದನ್ನೇ ಮಾಡುತ್ತಿದ್ದೀರಲ್ಲ, ಒಬ್ಬರಿಗಾದರೂ ಬಂದಿದೆಯೇ?

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ ಇಷ್ಟು. ಅಕ್ಕನ ಬಲಗಿವಿಯನ್ನು ತಾವು ಹೇಗೂ ಸ್ವೀಕರಿಸಿದ್ದೀರಿ. ಅದರ ಜೊತೆಗೆ ಬರುವ ಸಾಮಾನನ್ನೂ ದಯವಿಟ್ಟು ಒಯ್ಯಬೇಕು. ಬೆಳಗಿನ ಜಾವ ಶುರುವಾಗಿ ಸ್ನಾನದವರೆಗೂ ಬಿಡದೆ ಅವಳ ಕಿವಿಯೊಳಗೆ ಮೊರೆಯುವ ಸಿಳ್ಳಿನ ಸದ್ದು ತಮ್ಮ ಪಾಲಿಗಿರಲಿ. ಬಲಗಡೆಯಿಂದ ಬರುವ ಗಾಡಿಗೆ ಬೆಚ್ಚಿ ಹಿಂದೆ ಸರಿಯುವುದು, ಮದುವೆ ಮನೆಯಲ್ಲಿ ಎಲ್ಲರೂ ನಕ್ಕಾಗ ಏಕೆಂದು ತಿಳಿಯದೆ ತಾನೂ ನಗುವುದು, “ಎಷ್ಟು ಸಲ ಹೇಳೋದು, ಕಿವುಡೀ” ಎಂದು ಅಂಗಡಿಯವನಿಂದ ಅನ್ನಿಸಿಕೊಳ್ಳುವುದು, ಇವೆಲ್ಲವನ್ನೂ ತಾವೇ ಅನುಭವಿಸಿ ತಮ್ಮ ಹೆಸರಿನಲ್ಲೇ ಪ್ರಕಟಿಸಬೇಕು. ಮೂರು ವಿಡಿಯೊ ಲಗತ್ತಿಸುವುದನ್ನು ಮರೆಯಬಾರದು. ಇಷ್ಟನ್ನು ನಡೆಸಿಕೊಟ್ಟರೆ ಕಂಬಿಯ ಪಕ್ಕದ ಆ ಜಾಗದಲ್ಲಿ ತಾವೇ ನಿಲ್ಲಿ, ನಮ್ಮದೇನೂ ತಕರಾರಿಲ್ಲ. ಸಾಧ್ಯವಾಗದಿದ್ದರೆ, ಜಾಗ ಬಿಟ್ಟು ಸರಿಯುವುದಕ್ಕೆ ತಮ್ಮ ಅದೇ ಒಂದು ಬೆರಳಿನ ಒತ್ತು ಸಾಕು.

ಇಂತಿ, ವಿಶ್ವಾಸವನ್ನು ಬೇರೆಡೆ ಇಟ್ಟಿದ್ದರೂ ಪದ್ಧತಿ ಬಿಡಲಾರದ
ತಮ್ಮ ವಿಶ್ವಾಸಿ,
ತಾವು ಹೊರಗೆ ಹಾಕಿದ ‘ಮೇಡಂ’ ಅವರ ತಂಗಿ

ಮರೆತ ಮಾತು: ಆ ಜಾಗದ ಚೀಟಿ ಕೈಗೆ ಕೊಡುವ ಮೊದಲು ಕಿವಿ ಪರೀಕ್ಷೆಯ ಪ್ರಮಾಣಪತ್ರ ಬೇಕೆಂದು ಸಂಘಟಕರು ತಮ್ಮನ್ನು ನಮ್ಮ ಆಸ್ಪತ್ರೆಗೇ ಕಳಿಸಿದ್ದಾರೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಸರದಿ. ಒಂದು ಕಿವಿ ಹೋಗಿದೆ ಎನ್ನುವವರಿಗೆ ನಾವು ಒಂದು ಸಣ್ಣ ಪರೀಕ್ಷೆ ಮಾಡುತ್ತೇವೆ. ಎರಡೂ ಕಿವಿಗೆ ಒಂದೇ ಸದ್ದನ್ನು ಒಟ್ಟಿಗೆ ಕೊಟ್ಟು, ಹೋಗಿದೆ ಎಂದ ಕಿವಿಗೆ ಮಾತ್ರ ತುಸು ಜೋರಾಗಿ ಕೊಡುತ್ತೇವೆ. ನಿಜವಾಗಿ ಕಿವಿ ಹೋದವರು ಇನ್ನೊಂದರಲ್ಲಿ ಕೇಳಿಸಿತೆಂದು ಥಟ್ಟನೆ ಕೈ ಎತ್ತುತ್ತಾರೆ. ಎರಡೂ ಚೆನ್ನಾಗಿರುವವರಿಗೆ ಜೋರಿನ ಕಡೆಯದ್ದು ಮಾತ್ರ ಕೇಳಿಸುವುದರಿಂದ, ಇದು ಕೇಳಿಸಬಾರದ ಕಿವಿಯಲ್ಲವೇ ಎಂದು ಏನೂ ಅರಿಯದವರಂತೆ ಕೈ ಎತ್ತದೆ ಕೂತು ಸಿಕ್ಕಿಬೀಳುತ್ತಾರೆ. ಗುಟ್ಟನ್ನು ಮೊದಲೇ ಹೇಳಿಬಿಟ್ಟೆನೆಂಬ ಚಿಂತೆ ನನಗಿಲ್ಲ, ತಾವು ಯಾವುದನ್ನೂ ಕೊನೆಯವರೆಗೆ ಓದುವವರಲ್ಲ. ಅಂದು ಪರೀಕ್ಷಾ ಕೊಠಡಿಯ ಹೊರಗಿನ ಬೆಂಚಿನಲ್ಲಿ ತಮ್ಮ ನಂತರದ ಸರದಿಯವಳು ಕೂತಿರುತ್ತಾಳೆ. ಹೊರಗೆ ಬರುವಾಗ ಅವಳಿಗೆ ಏನಾದರೂ ಹೇಳಬೇಕೆನಿಸಿದರೆ, ದಯವಿಟ್ಟು ಎಡಗಡೆ ನಿಂತು ಹೇಳಿ.