ಶ್ರೀಶೈಲನ ಸಕ್ಕರೆ

ಶ್ರೀಶೈಲ ಪರೇಲಿನ ಪ್ರಯೋಗಾಲಯವೊಂದರಲ್ಲಿ ಜೀವಕೋಶಗಳ ಮೈಮೇಲಿನ ಸಕ್ಕರೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಸಾಂತಾಕ್ರೂಜಿನಲ್ಲಿ ತನ್ನ ಪಕ್ಕದ ಮನೆಯಲ್ಲಿದ್ದ ರುಕ್ಮಿಣಿಬಾಯಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಹೆಣ್ಣಿನ ಕಡೆಯವರು ಫೋನಿನಲ್ಲಿ ವಿಚಾರಿಸಿದಾಗ ಆಕೆ, "ಹುಡುಗ ಭಾಳ ಶ್ಯಾಣ್ಯಾ. ಮೈಯಾಗ ಸಕ್ರಿ ಐತಿ, ಅದರ ಮ್ಯಾಲೇ ಓದಾಕತ್ತಾನ" ಎಂದುಬಿಟ್ಟಿದ್ದಳು.

ಭಾನುವಾರ ಹೆಣ್ಣು ನೋಡಲು ಹೊರಟವನ ಕೈಗೆ ರುಕ್ಮಿಣಿಬಾಯಿಯ ಹಾಗಲಕಾಯಿ ರಸದ ಲೋಟ ಬಂತು.

"ಕುಡದು ಹೋಗು ತಮ್ಮಾ. ಬೀಗರಿಗೆ ಎಲ್ಲಾ ಹೇಳೀನಿ. ಮುಚ್ಚಿಟ್ಟು ಲಗ್ನ ಮಾಡಬಾರದು."

"ಕಾಕೂ, ನನಗ ಸಕ್ರಿ ಬ್ಯಾನಿ ಇಲ್ಲ."

"ಮೊದಲ ಎಲ್ಲಾರೂ ಹಂಗ ಅಂತಾರ."

ಮೂವತ್ತಾರು ದಾಟಿದವನಿಗೆ ಈ ಸಂಬಂಧ ತಪ್ಪಿದರೆ ಇನ್ನೊಂದು ಬರುವ ಭರವಸೆ ಇರಲಿಲ್ಲ. ಅದೂ ಅಲ್ಲದೆ, ಫೋಟೊದಲ್ಲಿ ಹುಡುಗಿ ರಂಜನಾ ನಗದೆ ಕುಳಿತ ರೀತಿ ಅವನಿಗೆ ಹಿಡಿಸಿತ್ತು. ಲೋಕಲ್ ರೈಲಿನ ಉದ್ದಕ್ಕೂ ಹಾಗಲ ರಸದ ಕಹಿ ಸೀಟು ಸಿಗದ ಪ್ರಯಾಣಿಕನಂತೆ ನಾಲಿಗೆಯ ಮೇಲೆ ನಿಂತೇ ಇತ್ತು.

ಕಾಂದಿವಲಿಯ ಹೆಣ್ಣಿನ ಮನೆಯಲ್ಲಿ ಅವನ ಮುಂದೆ ಸಪ್ಪೆ ಚಹಾ, ಸೌತೆಕಾಯಿ ಹೋಳು ಇಟ್ಟರು. ರಂಜನಾ ತಾಯಿಯ ಪಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ಹುಡುಗಿಯ ತಂದೆ ಬಸವಂತರಾಯರು ಮುಗುಳ್ನಕ್ಕರು. ಅದು ಕನಿಕರ ಎಂದುಕೊಂಡ ಶ್ರೀಶೈಲ.

"ಕೋಶದ ಮೈಮ್ಯಾಲೆ ಸಕ್ರಿ ಇರ್ತದ್ರಿ. ಕೆಲವು ಪ್ರೋಟೀನ್ ಬಂದು ಅದನ್ನ ಹಿಡಕೋತಾವ. ಕೋಶ ತನ್ನ ಮೈ ಮಡಚಿ ಅವನ್ನ ಒಳಗ ಎಳಕೋತದ. ಅದು ಹೆಂಗ ಅಂತ ನೋಡೋದು ನನ್ನ ಕೆಲಸ."

"ತಿಳೀತು. ಒಳಗ ಹೊಕ್ಕೈತಿ ಅಂದ್ರ ಜೋರ ಐತಿ. ಗುಳಗಿ ಯಾವುದು ತಗೋತೀರಿ?"

ಶ್ರೀಶೈಲ ತಾನೇ ತಂದಿದ್ದ ಪೇಢೆಯ ಡಬ್ಬಿ ತೆರೆದು ಒಂದು ತಿಂದ. ಇನ್ನೊಂದು ತಿಂದ. ಪರೀಕ್ಷೆಯ ಕೊನೆಯ ಗಂಟೆ ಕೇಳಿದ ವಿದ್ಯಾರ್ಥಿಯಂತೆ ಅವಸರದಲ್ಲಿ ತಿನ್ನುತ್ತಲೇ ಹೋದ. ಬಸವಂತರಾಯರ ನಗು ಮಾಸಿತು.

"ಖರೇನ ಇಲ್ಲೇನ್ರಿ?"

"ಖರೇನ ಇಲ್ರಿ. ಬೇಕಾದ್ರ ಈಗ ತಪಾಸಣಿ ಮಾಡಸ್ರಿ."

ಗೆದ್ದೆ ಅಂದುಕೊಂಡ. ಹುಡುಗಿಯ ತಾಯಿ ಎದ್ದು ಒಳಗೆ ಹೋದಳು.

"ನಮ್ಮ ರಂಜನಾಗ ಸಣ್ಣಾಕಿ ಇದ್ದಾಗಿಂದ ಐತ್ರಿ," ಎಂದರು ಬಸವಂತರಾಯರು. "ದಿನಾ ಸೂಜಿ. ಬಂದವರೆಲ್ಲಾ ಹೊಳ್ಳಿ ಹೋದ್ರು. ನಿಮಗೂ ಐತಿ ಅಂತ ಕೇಳಿದ ದಿನ ಮನಿಯಾಗ ಎಲ್ಲಾರೂ ನಕ್ಕಿದ್ವಿ."

"ನನಗ ಏನೂ ಅಡ್ಡಿ ಇಲ್ರಿ," ಎಂದ ಶ್ರೀಶೈಲ. ತುಂಬಿದ ಬಾಯಲ್ಲಿ ಮಾತು ಮುದ್ದೆಯಾಯಿತು.

ರಂಜನಾ ಮೊದಲ ಸಲ ತಲೆಯೆತ್ತಿದಳು. ಅವಳ ಕನ್ನಡ ತಡವರಿಸುತ್ತಿತ್ತು.

"ಶುಗರ್ ಇಲ್ಲ ಅಂತ ತೋರ್ಸಾಕ ಇಷ್ಟು ತಿಂದ್ರಿ. ಮತ್ಲಬ್, ಇದ್ದಿದ್ರ ಅಷ್ಟು ಶರಮ್... ನಾಚಿಕಿ ಆಗ್ತಿತ್ತಾ?"

ನೀರಿನ ಲೋಟವನ್ನು ಅವನತ್ತ ಸರಿಸಿ ಅವಳೂ ಒಳಗೆ ಹೋದಳು. ಬಾಯಲ್ಲಿ ಇನ್ನೂ ಅರ್ಧ ಪೇಢೆ ಇತ್ತು. ಉಗುಳುವಂತಿರಲಿಲ್ಲ, ನುಂಗಲು ಆಗಲಿಲ್ಲ.