ಹಾಯಿದೋಣಿಯ ಹೊಸ್ತಿಲು

ಬೇಡದ ನೆಂಟರನ್ನು ಸಾಗಹಾಕಲು ನನಗೆ ಅರ್ಧ ಮಾತು ಸಾಕು. ಹುಳುಹುಪ್ಪಟೆಗೆ ಮಾತು ನಾಟುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಮನೆ ಸೇರಿದವಳು ನಾನು. ಕಲಿತದ್ದು ಕಡಿಮೆ, ಬೇಡದವರನ್ನು ಓಡಿಸುವುದನ್ನು ಮಾತ್ರ ಚೆನ್ನಾಗಿ ಕಲಿತೆ.

ನಾನಿರುವುದು ಕೊಚ್ಚಿಯಲ್ಲಿ, ಮಗಳು ಸುಧಾಳ ಫ್ಲಾಟಿನಲ್ಲಿ. ಅಳಿಯಂದಿರಿಗೆ ಬಂದರಿನಲ್ಲಿ ಕೆಲಸ. ದಿನವಿಡೀ ಹಡಗು ನೋಡಿದ್ದು ಸಾಲದೆ ಅವರೊಂದು ಹಳೇ ಹಾಯಿದೋಣಿ ಕೊಂಡು, ವಿಲ್ಲಿಂಗ್ಡನ್ ಐಲ್ಯಾಂಡಿನ ಆಚೆ ಹಿನ್ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದ್ದಾರೆ. ಭಾನುವಾರ ಚಿಕ್ಕ ದೋಣಿಯಲ್ಲಿ ಅಲ್ಲಿಗೆ ಹೋಗುತ್ತೇವೆ. ನಾನು ತಿ. ನರಸೀಪುರದ ಕಡೆಯವಳು, ಹರಿಗೋಲು ಬಿಟ್ಟರೆ ಬೇರೆ ಹತ್ತಿದವಳಲ್ಲ. ಇದರಲ್ಲಿ ಮಂಚ, ಒಲೆ, ಕಕ್ಕಸು ಎಲ್ಲ ಇವೆ. ಹರಿಗೋಲಿನಲ್ಲಿ ಅದೇನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡು ಕೂತಿರಬೇಕಿತ್ತು.

ಒಂದು ಭಾನುವಾರ ಸುಧಾಳ ಕಾಫಿಗೆ ಜಿರಲೆ ಬಿತ್ತು. ಮೊದಲೇ ಸೊಳ್ಳೆ ಕಡಿದು ಕೆರೆದುಕೊಳ್ಳುತ್ತಿದ್ದಳು. "ಓಣಂ ಒಳಗೆ ಈ ಹುಳದ ಕಾಟ ನಿಲ್ಲದಿದ್ರೆ ದೋಣಿ ಮಾರಿಬಿಡಿ," ಎಂದಳು. ಅಳಿಯಂದಿರ ಮುಖ ಗಾಳಿಯಿಲ್ಲದ ಹಾಯಿಯ ಹಾಗೆ ಜೋತುಬಿತ್ತು. ದೋಣಿ ಹೋಗುವುದು ನನಗೂ ಬೇಡವಾಗಿತ್ತು. ಫ್ಲಾಟಿಗೆ ಹೊಸ್ತಿಲೇ ಇಲ್ಲ, ಬಾಗಿಲ ಮುಂದೆ ಹಾಕಿದ ರಂಗೋಲಿಯನ್ನು ಕಸ ಗುಡಿಸುವವಳು ಒರೆಸಿಬಿಡುತ್ತಾಳೆ. ದೋಣಿಯ ಕೋಣೆಗೆ ಮೊಣಕಾಲೆತ್ತರದ ಮರದ ಹೊಸ್ತಿಲಿದೆ. ಪ್ರತಿ ಭಾನುವಾರ ಅದನ್ನು ತೊಳೆದು, ಅಕ್ಕಿಹಿಟ್ಟಿನಲ್ಲಿ ರಂಗೋಲಿ ಬಿಟ್ಟರೆ ನನಗೆ ಊಟ ಸೇರುತ್ತದೆ. ಅದಕ್ಕೇ ಹುಳ ಓಡಿಸುವ ಕೆಲಸ ನಾನೇ ವಹಿಸಿಕೊಂಡೆ.

ಕಿಟಕಿಗಳಿಗೆ ಸೊಳ್ಳೆಪರದೆ ಹೊಲಿದೆ. ದೋಣಿಯನ್ನು ದಡದಿಂದ ದೂರ, ಗಾಳಿ ಬೀಸುವ ಕಡೆ ನಿಲ್ಲಿಸಿ ಎಂದೆ. ರಟ್ಟಿನ ಪೆಟ್ಟಿಗೆಯ ಸಂದಿಯಲ್ಲಿ ಜಿರಲೆ ಮೊಟ್ಟೆ ಬರುತ್ತದೆ, ಅಂಥ ಪೆಟ್ಟಿಗೆಯನ್ನು ದೋಣಿಗೆ ಹತ್ತಿಸಲೇ ಇಲ್ಲ. ನೇಂದ್ರ ಬಾಳೆಗೊನೆಗೆ ಉಪ್ಪುನೀರಿನ ಸ್ನಾನ ಆದಮೇಲೆಯೇ ಪ್ರವೇಶ. ಸೊಳ್ಳೆ ಹೋಯಿತು, ಜಿರಲೆ ಹೋಯಿತು. ಇರುವೆ ಮಾತ್ರ ಹೋಗಲಿಲ್ಲ.

ಸುತ್ತ ನೀರಿರುವಾಗ ಇರುವೆ ಎಲ್ಲಿಂದ? ಅಳಿಯಂದಿರು ಲಂಗರಿನ ಹಗ್ಗಕ್ಕೆ ಸೀಮೆಎಣ್ಣೆ ಬಟ್ಟೆ ಸುತ್ತಿದರು. ಹಗ್ಗ ಹೋಗುವುದು ನೀರಿನಡಿಯ ಕೆಸರಿಗೆ, ಮುಳುಗು ಹಾಕಿ ಬರುವ ಇರುವೆಯನ್ನು ನಾನು ಕಂಡಿಲ್ಲ ಎಂದು ಬೈದೆ. ದಡದ ತೆಂಗಿನ ಮರಕ್ಕೆ ಕಟ್ಟುವ ಚಿಕ್ಕ ದೋಣಿಯೇ ಅವುಗಳ ವಾಹನ ಎಂದು ಕಂಡುಹಿಡಿದವಳು ನಾನೇ. ಆದರೆ ಸಕ್ಕರೆ ಬೆಲ್ಲ ಎಲ್ಲ ಡಬ್ಬಿಯಲ್ಲಿ ಮುಚ್ಚಿಟ್ಟರೂ ಬಂದವು ಉಳಿದುಕೊಳ್ಳುತ್ತಿದ್ದವು.

ಓಣಂ ಹಿಂದಿನ ಭಾನುವಾರ ಸುಧಾ ಸಾಲು ಹಿಡಿದು ಬಗ್ಗಿಕೊಂಡು ಹೋದಳು. ಒಂದೊಂದು ಇರುವೆಯ ಬಾಯಲ್ಲೂ ಬಿಳಿ ಚೂರು. ಸಾಲು ಹೊಸ್ತಿಲ ರಂಗೋಲಿಗೆ ಹೋಗಿ ನಿಂತಿತು.

"ಅಮ್ಮಾ, ಇರುವೆ ಓಡ್ಸೋಳೂ ನೀನೇ, ಬಡ್ಸೋಳೂ ನೀನೇನಾ?"

"ಇರುವೆ ತಿನ್ಲಿ ಅಂತ್ಲೇ ಕಣೇ ಅಕ್ಕಿಹಿಟ್ಟಲ್ಲಿ ಹಾಕೋದು. ನಮ್ಮಮ್ಮನೂ ಹಾಗೇ ಹಾಕ್ತಿದ್ಲು."

"ನಿಮ್ಮಮ್ಮನ್ಗೆ ದೋಣಿ ಇತ್ತಾ?"

ಅಳಿಯಂದಿರು ಇರುವೆಗೆ ಗೆರೆ ಎಳೆಯುವ ವಿಷದ ಸೀಮೆಸುಣ್ಣ ತಂದು ನನ್ನ ಕೈಗಿಟ್ಟರು. "ಅತ್ತೆ, ಇದ್ರಲ್ಲೇ ಹಾಕಿ. ರಂಗೋಲೀನೂ ಆಯ್ತು, ದೋಣೀನೂ ಉಳೀತು."

ಉಳಿಯಿತು. ಓಣಂ ಊಟ ದೋಣಿಯಲ್ಲೇ ಆಯಿತು, ಪಾಯಸದ ಸುತ್ತ ಒಂದು ಇರುವೆಯೂ ಸುಳಿಯಲಿಲ್ಲ. ಅತಿಥಿಗಳನ್ನು ಕರೆಯುವ ರಂಗೋಲಿಯನ್ನು ಈಗ ಅವರು ಸಾಯಲಿ ಎಂದು ಬಿಡುತ್ತೇನೆ, ಎಳೆ ಮಾತ್ರ ಮೊದಲಿಗಿಂತ ಚೆನ್ನಾಗಿ ಬರುತ್ತದೆ. ಹೊಸ್ತಿಲು ದಾಟುವಾಗ ನಾನೂ ಸೀರೆ ಎತ್ತಿಕೊಂಡು ಹುಷಾರಾಗಿ ದಾಟುತ್ತೇನೆ. ಕಚ್ಚುವ ಜಾತಿಗೆಲ್ಲ ಆ ಗೆರೆ ಅಪಾಯವಂತೆ. ಹಾಗೆಂದು ಎಚ್ಚರಿಸಿದವಳು ಮಗಳು, ನನ್ನ ಮುಖವನ್ನೇ ನೋಡಿಕೊಂಡು.